ಹೊಲದ ತುಂಬಾ ಬಳ್ಳಾರಿ ಜಾಲಿ ಬಂದಾಗ: ಜೆನೆಟಿಕ್ ಅಲ್ಗಾರಿದಮ್‌ನ ದೋಷ ಹುಡುಕುವ ಬಗೆ

ಒಂದು ಹೊಲದಲ್ಲಿ ಎಲ್ಲಿ ಏನಿರಬೇಕು ಅಂತ ನಕ್ಷೆ ಬರೆದು, ಅದಕ್ಕೆ ಅಂಕ ಹಾಕುವ ಪ್ರೋಗ್ರಾಂ ರಾತ್ರಿ ಹತ್ತಕ್ಕೆ ಓಡಿಸಿಟ್ಟು ಮಲಗಿದ್ದೆ. ಬೆಳಗ್ಗೆ ಐದೂವರೆಗೆ ಎದ್ದು ಲ್ಯಾಪ್‌ಟಾಪ್ ತೆರೆದರೆ ನಕ್ಷೆಯ ತುಂಬಾ ಒಂದೇ ಬಣ್ಣ, ತಿಳಿಹಸಿರು. ನನ್ನ ಪಟ್ಟಿಯಲ್ಲಿ ತಿಳಿಹಸಿರು ಅಂದರೆ ಬಳ್ಳಾರಿ ಜಾಲಿ. ಜೋಳ ಇಲ್ಲ, ತೊಗರಿ ಇಲ್ಲ, ಮೂಲೆಯಲ್ಲಿ ಒಂದು ಹೊಂಡ ಮಾತ್ರ. ಕೆಳಗೆ ಅಂಕ ನೋಡಿದರೆ ನೂರಕ್ಕೆ 97!

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆಯ ಎಂಟು ಎಕರೆ ಖುಷ್ಕಿ ಹೊಲ ಅದು. ಮೇಲ್ಭಾಗ ಮಸಾರಿ (ಕೆಂಪು ಮಣ್ಣು), ಕೆಳಭಾಗ ಎರೆ (ಕಪ್ಪು ಮಣ್ಣು). ಯಜಮಾನರು ಕೇಳಿದ್ದು ಮೂರು. ಬೆಳೆ ಬರಬೇಕು. ಬಿದ್ದ ಮಳೆ ಹೊಲದಲ್ಲೇ ನಿಲ್ಲಬೇಕು. ಹತ್ತು ವರ್ಷ ಕಳೆದ ಮೇಲೆ ಮಣ್ಣು ಈಗಿಗಿಂತ ಚೆನ್ನಾಗಿರಬೇಕು. ಈ ಮೂರನೆಯದರಲ್ಲೇ ಕಷ್ಟ ಇರೋದು. ಸಸ್ಟೇನಬಲ್ ಅಂದರೆ ಇದ್ದದ್ದು ಕೆಡದಂತೆ ನೋಡಿಕೊಳ್ಳುವುದು. ರೀಜನರೇಟಿವ್ ಅಂದರೆ ಕೆಟ್ಟಿದ್ದು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು. ಕಂಪ್ಯೂಟರಿಗೆ ಈ ವ್ಯತ್ಯಾಸ ತಾನಾಗಿ ತಿಳಿಯೋದಿಲ್ಲ, ನಾವೇ ಅಂಕಗಳಲ್ಲಿ ಹೇಳಬೇಕು.

ಹೊಸಬರಿಗೆ ಎರಡು ಮಾತು. ಹೊಲವನ್ನು 10 ಮೀಟರ್ ಚೌಕಗಳಾಗಿ ಒಡೆದರೆ ಸುಮಾರು 323 ಚೌಕ ಬರುತ್ತವೆ. ಪ್ರತಿ ಚೌಕದಲ್ಲಿ ಏನು ಬೇಕಾದರೂ ಇರಬಹುದು: ಜೋಳ, ಸಜ್ಜೆ, ಬೇವು, ಹುಣಸೆ, ಹೊಂಡ, ಒಡ್ಡು. ಹನ್ನೆರಡು ಆಯ್ಕೆ ಇಟ್ಟುಕೊಂಡರೆ ಸಾಧ್ಯವಿರುವ ನಕ್ಷೆಗಳ ಲೆಕ್ಕ ಸುಮಾರು 350 ಅಂಕಿಗಳ ಸಂಖ್ಯೆ. ಎಲ್ಲವನ್ನೂ ನೋಡಿ ಮುಗಿಸೋದು ಆಗದ ಮಾತು. ಅದಕ್ಕೇ 200 ನಕ್ಷೆಗಳ ಒಂದು ಹಿಂಡು ಕಟ್ಟುತ್ತೇವೆ. ಪ್ರತಿಯೊಂದಕ್ಕೂ ಅಂಕ ಹಾಕುತ್ತೇವೆ. ಚೆನ್ನಾಗಿರುವುದನ್ನು ಆರಿಸಿ, ಎರಡೆರಡನ್ನು ಬೆರೆಸಿ (ಇದು ಕ್ರಾಸ್‌ಓವರ್), ಅಲ್ಲಲ್ಲಿ ಸ್ವಲ್ಪ ಬದಲಿಸಿ (ಇದು ಮ್ಯುಟೇಶನ್) ಮುಂದಿನ ತಲೆಮಾರು ಮಾಡುತ್ತೇವೆ. ನಮ್ಮ ಹಿರಿಯರು ಬೀಜದ ತೆನೆ ಆರಿಸಿ ಎತ್ತಿಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಇದಕ್ಕೇ ಜೆನೆಟಿಕ್ ಅಲ್ಗಾರಿದಮ್ ಅನ್ನೋದು. ಅಮೆರಿಕದ ಜಾನ್ ಹಾಲಂಡ್ ಇದಕ್ಕೊಂದು ಗಣಿತದ ರೂಪ ಕೊಟ್ಟು 1975ರಲ್ಲಿ ಪುಸ್ತಕ ಬರೆದರು.

ಆ ರಾತ್ರಿ 400 ತಲೆಮಾರು ಓಡಿತ್ತು. ಅಂದರೆ 80,000 ನಕ್ಷೆ. ಒಂದಕ್ಕೆ ಅಂಕ ಹಾಕಲು 0.3 ಸೆಕೆಂಡ್, ಒಟ್ಟು ಆರೂಮುಕ್ಕಾಲು ಗಂಟೆ ಹತ್ತಿರ.

ನಾನು ಮೊದಲು ಮಾಡಿದ್ದು ತಪ್ಪು

ಸಿಟ್ಟಿನಲ್ಲಿ ಪಟ್ಟಿಯಿಂದ ಬಳ್ಳಾರಿ ಜಾಲಿಯನ್ನೇ ತೆಗೆದುಹಾಕಿದೆ. ಮತ್ತೆ ರಾತ್ರಿಯಿಡೀ ಓಡಿಸಿದೆ. ಬೆಳಗ್ಗೆ ನೋಡಿದರೆ ಹೊಲದ ತುಂಬಾ ನೀಲಗಿರಿ. ನೀಲಗಿರಿಯನ್ನೂ ತೆಗೆದೆ. ಮೂರನೇ ದಿನ ಸುಬಾಬುಲ್. ಆಮೇಲೆ ಮ್ಯುಟೇಶನ್ ಪ್ರಮಾಣ ಏರಿಸಿದೆ, ಇಳಿಸಿದೆ, ಹಿಂಡನ್ನು 500 ಮಾಡಿದೆ. ಒಂದು ವಾರ ಹೀಗೇ ಹೋಯಿತು. ಬಹಳ ಜನ ಸಿಕ್ಕಿಬೀಳೋದು ಇಲ್ಲೇ. ಗುಂಡಿ ತಿರುಗಿಸೋದು ಸುಲಭ, ಅಂಕದ ಲೆಕ್ಕ ಬಿಚ್ಚಿ ನೋಡೋದು ಬೇಸರದ ಕೆಲಸ.

ಯಾವ ಗುಂಡಿಗೂ ಕೈ ಹಾಕುವ ಮುಂಚೆ ಎರಡು ಪರೀಕ್ಷೆ ಮಾಡಿ. ದೋಷ ಅಂಕದಲ್ಲಿದೆಯೋ, ಹುಡುಕಾಟದಲ್ಲಿದೆಯೋ, ಮಾಹಿತಿಯಲ್ಲಿದೆಯೋ ಅಂತ ಬಹುಪಾಲು ಇವೇ ಹೇಳಿಬಿಡುತ್ತವೆ.

ಮೊದಲನೆಯದು ಅಜ್ಜನ ಹೊಲ. ಅದೇ ಊರಿನ ಅನುಭವಿ ರೈತರೊಬ್ಬರ ಹತ್ತಿರ ಕುಳಿತು, ಈ ಜಾಗ ನಿಮ್ಮ ಕೈಗೆ ಕೊಟ್ಟರೆ ಏನು ಮಾಡ್ತೀರಿ ಅಂತ ಕೇಳಿ. ನನಗೆ ಸಿಕ್ಕ ಉತ್ತರ ಹೀಗಿತ್ತು: ಇಳಿಜಾರಿಗೆ ಅಡ್ಡ ನಾಲ್ಕು ಒಡ್ಡು. ಒಡ್ಡಿನ ಮೇಲೆ ಬೇವು, ಹೊಂಗೆ. ಮಸಾರಿಯಲ್ಲಿ ಸಜ್ಜೆಯ ನಡುವೆ ತೊಗರಿ ಅಕ್ಕಡಿ. ಎರೆಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ. ತಗ್ಗಿನ ಮೂಲೆಗೆ ಹೊಂಡ, ಅದರ ಹತ್ತಿರ ಎರಡು ಹುಣಸೆ. ಈ ನಕ್ಷೆಯನ್ನು ಕೈಯಿಂದಲೇ ಚೌಕ ಚೌಕವಾಗಿ ತುಂಬಿ ಅಂಕ ಹಾಕಿಸಿ.

ಅಜ್ಜನ ಹೊಲಕ್ಕೆ ಕಂಪ್ಯೂಟರಿನ ಹುಚ್ಚು ನಕ್ಷೆಗಿಂತ ಕಡಿಮೆ ಅಂಕ ಬಂದರೆ ತಪ್ಪು ಅಂಕದ ಲೆಕ್ಕದಲ್ಲಿದೆ. ಅಲ್ಗಾರಿದಮ್ ನೀವು ಕೇಳಿದ್ದನ್ನು ಪ್ರಾಮಾಣಿಕವಾಗಿ ಕೊಟ್ಟಿದೆ. ಅಜ್ಜನಿಗೆ ಜಾಸ್ತಿ ಬಂದು, ಅಲ್ಗಾರಿದಮ್ ಮಾತ್ರ ಅಷ್ಟೆತ್ತರಕ್ಕೆ ಏರಲೇ ಇಲ್ಲ ಅಂದರೆ ತಪ್ಪು ಹುಡುಕಾಟದಲ್ಲಿದೆ. ಇನ್ನೊಂದು ಸಾಧ್ಯತೆಯೂ ಇದೆ. ಅಜ್ಜನ ಹೊಲದ ಯಾವುದೋ ಒಂದು ಭಾಗಕ್ಕೆ, ಉದಾಹರಣೆಗೆ ಹೊಂಡಕ್ಕೆ, ಸೊನ್ನೆ ಬಂದಿದ್ದರೆ ಮಾಹಿತಿಯ ಮೇಲೆ ಅನುಮಾನ ಪಡಿ.

ನನಗೆ ಬಂದದ್ದು ಅಜ್ಜನಿಗೆ 61, ಜಾಲಿಗೆ 97. ಹೊಂಡಕ್ಕೆ ಸೊನ್ನೆ. ಅಂದರೆ ಒಂದಲ್ಲ, ಎರಡು ದೋಷ.

ಎರಡನೆಯದು ಕುರುಡು ಪರೀಕ್ಷೆ. ಸುಮ್ನೆ ಅಡ್ಡಾದಿಡ್ಡಿಯಾಗಿ 80,000 ನಕ್ಷೆ ಮಾಡಿ, ಅವುಗಳಲ್ಲಿ ಒಳ್ಳೆಯದನ್ನು ಎತ್ತಿಕೊಳ್ಳಿ. ಇಷ್ಟೆಲ್ಲಾ ತಲೆಮಾರು ಓಡಿಸಿದ ಅಲ್ಗಾರಿದಮ್ ಇದಕ್ಕಿಂತ ತುಂಬಾ ಮುಂದೆ ಇರಬೇಕು. ಹತ್ತಿರ ಹತ್ತಿರ ಇದ್ದರೆ ನಿಮ್ಮ ಕ್ರಾಸ್‌ಓವರ್ ಸುಮ್ನೆ ಕಲಸುತ್ತಿದೆ, ಬೆರೆಸುತ್ತಿಲ್ಲ.

ಲಕ್ಷಣ: ಒಂದೇ ಗಿಡ ಎಲ್ಲವನ್ನೂ ನುಂಗಿದೆ

ಗಿಡಗಳಿಗೆ ನಾನು ಅಂಕ ಕೊಟ್ಟಿದ್ದು ಮೂರಕ್ಕೆ: ಎಷ್ಟು ಬೇಗ ಹಸಿರಾಗುತ್ತದೆ, ನೀರಿಲ್ಲದೆ ಬದುಕುತ್ತದಾ, ಖರ್ಚು ಎಷ್ಟು. ಈ ಮೂರರಲ್ಲೂ ಬಳ್ಳಾರಿ ಜಾಲಿಯನ್ನು ಸೋಲಿಸುವ ಗಿಡ ನಮ್ಮ ಕಡೆ ಯಾವುದಿದೆ ಹೇಳಿ? ಅಮೆರಿಕ ಖಂಡದಿಂದ ಬಂದ ಗಿಡ. ಕಡಿದರೆ ಮತ್ತೆ ಚಿಗುರುತ್ತದೆ. ಕುರಿ, ಮೇಕೆ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಬೇಲಿಗೆ ಅಂತ ಬಂದದ್ದು ಕೆರೆ ಅಂಗಳವನ್ನೇ ಮೇಯ್ದಿರುವುದು ಬಳ್ಳಾರಿಯಿಂದ ರಾಯಚೂರುವರೆಗೆ ಎಲ್ಲರೂ ಕಂಡದ್ದೇ. ನನ್ನ ಲೆಕ್ಕದಲ್ಲಿ ಅದು ಪಕ್ಕದ ಚೌಕಕ್ಕೆ ಹರಡುವುದಕ್ಕೆ ಯಾವ ದಂಡವೂ ಇರಲಿಲ್ಲ. ಅದರ ಕೆಳಗೆ ಬೇರೆಯದು ಸರಿಯಾಗಿ ಬೆಳೆಯದು ಅನ್ನುವುದಕ್ಕೂ ಇರಲಿಲ್ಲ.

ಗಿಡವನ್ನು ನಿಷೇಧಿಸಬೇಡಿ, ಪ್ರಶ್ನೆ ಬದಲಿಸಿ. ನಾನು ಹಸಿರಿನ ಅಂಕ ಕಿತ್ತುಹಾಕಿದೆ. ಬದಲಿಗೆ ಇಪ್ಪತ್ತು ವರ್ಷದ ಲೆಕ್ಕ ಓಡಿಸಿ, ಮೊದಲ ವರ್ಷಕ್ಕೂ ಕೊನೆಯ ವರ್ಷಕ್ಕೂ ಮಣ್ಣಿನ ಸಾವಯವ ಇಂಗಾಲದಲ್ಲಿ, ಇಂಗಿದ ನೀರಿನಲ್ಲಿ ಆದ ವ್ಯತ್ಯಾಸಕ್ಕೆ ಅಂಕ ಕೊಟ್ಟೆ. ಊಟಕ್ಕೆ, ಮೇವಿಗೆ ಬರುವ ಬೆಳೆಗೆ ಬೇರೆ ಅಂಕ. ಪಟ್ಟಿಗೆ ಜಾಲಿಯನ್ನು ಮತ್ತೆ ಸೇರಿಸಿದೆ. ಈ ಸಲ ಅದು ತಾನಾಗಿ ನಾಲ್ಕು ಚೌಕಕ್ಕೆ ಇಳಿಯಿತು.

ನಿಮ್ಮ ಹೊಲ ಗಂಗಾವತಿ, ಸಿಂಧನೂರು ಕಡೆಯ ಕಾಲುವೆ ನೀರಿನದ್ದಾದರೆ ನನ್ನ ಈ ಅಂಕಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟೋ ಕಡೆ ಕಾಟ ಕೊಡೋದು ನೀರಿನ ಕೊರತೆ ಅಲ್ಲ, ಸವಳು, ಅಂದರೆ ಮಣ್ಣಿಗೆ ಉಪ್ಪೇರುವುದು. ಅಲ್ಲಿ ನೀರು ಇಂಗಿದಷ್ಟೂ ಒಳ್ಳೆಯದು ಅಂತ ಅಂಕ ಕೊಟ್ಟರೆ ಅಲ್ಗಾರಿದಮ್ ಹೊಲವನ್ನು ಜವಳು ಮಾಡಿ ನಿಮಗೇ ಅಂಕಪಟ್ಟಿ ತೋರಿಸುತ್ತದೆ.

ಲಕ್ಷಣ: ಕೊನೆಯ ವರ್ಷ ಎಲ್ಲಾ ಮರ ಕಡಿದುಬಿಡುತ್ತದೆ

ಇಪ್ಪತ್ತು ವರ್ಷದ ಲೆಕ್ಕ ಹಾಕಿದ ಕೂಡಲೇ ಬಂದ ಹೊಸ ಕಾಯಿಲೆ ಇದು. ಹತ್ತೊಂಬತ್ತು ವರ್ಷ ಬೇವು, ಹೊಂಗೆ ಚೆನ್ನಾಗಿ ಬೆಳೆಸಿತು. ಇಪ್ಪತ್ತನೇ ವರ್ಷ ಕೊಡಲಿ. ಕಟ್ಟಿಗೆ ಮಾರಿದ ದುಡ್ಡು ಬೆಳೆಯ ಖಾತೆಗೆ. ಬಾವಿಯಲ್ಲೂ ಅಷ್ಟೇ, ಕೊನೆಯ ಬೇಸಿಗೆಯಲ್ಲಿ ಒಂದು ಹನಿ ಬಿಟ್ಟಿರಲಿಲ್ಲ. ಅದಕ್ಕೆ ಇಪ್ಪತ್ತೊಂದನೇ ವರ್ಷ ಅನ್ನುವುದೇ ಇಲ್ಲ, ಅಲ್ವಾ?

ಎರಡು ದಾರಿ ಇವೆ. ಕೊನೆಯಲ್ಲಿ ನಿಂತಿರುವ ಮರಕ್ಕೆ, ಬಾವಿಯಲ್ಲಿ ಉಳಿದ ನೀರಿಗೆ ಬೆಲೆ ಕಟ್ಟಬಹುದು. ಇಲ್ಲವೇ 30 ವರ್ಷ ಓಡಿಸಿ 20 ವರ್ಷಕ್ಕೆ ಮಾತ್ರ ಅಂಕ ಕೊಟ್ಟು, ಮುಂದಿನ ಹತ್ತರಲ್ಲಿ ಮಣ್ಣು, ನೀರು ಕುಸಿದರೆ ದಂಡ ಹಾಕಬಹುದು. ಮೊದಲನೆಯದರಲ್ಲಿ ಬೆಲೆಯನ್ನು ನಾವೇ ಊಹಿಸಬೇಕಾಗುತ್ತದೆ, ಅದಕ್ಕೇ ನನಗೆ ಎರಡನೆಯದು ಇಷ್ಟ. ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಲಕ್ಷಣ: ಹೊಂಡಕ್ಕೆ ನೀರೇ ಬರುವುದಿಲ್ಲ

ಅಜ್ಜನ ಹೊಂಡಕ್ಕೆ ಸೊನ್ನೆ ಬಂದಿತ್ತಲ್ಲ, ಅದರ ಕಥೆ. ನಮ್ಮ ಕಡೆ ವರ್ಷದ ಮಳೆ ಹೆಚ್ಚುಕಡಿಮೆ 600 ಮಿಲಿಮೀಟರ್. ನಾನು ಅದನ್ನು ಮಳೆಗಾಲದ ದಿನಗಳಿಗೆ ಸಮನಾಗಿ ಹಂಚಿದ್ದೆ. ಪ್ರತಿ ಸಲ ಐದು ಮಿಲಿಮೀಟರ್, ಶಾಲಾ ಪಾಠದ ಹಾಗೆ. ಆದರೆ ನಮ್ಮ ಮಳೆ ಹಾಗೆ ಬರೋದಿಲ್ಲ. ತಿಂಗಳುಗಟ್ಟಲೆ ಮುಖ ತೋರಿಸದೆ ಒಂದೇ ಸಂಜೆ ಸುರಿದು ಹೋಗುತ್ತದೆ.

ಹರಿವಿನ ಲೆಕ್ಕಕ್ಕೆ ನಾನು ಬಳಸುವುದು ಕರ್ವ್ ನಂಬರ್ ವಿಧಾನ. ನೆಲಕ್ಕೆ ಒಂದು ಸಂಖ್ಯೆ ಕೊಡುತ್ತೇವೆ, ಅದು ದೊಡ್ಡದಾದಷ್ಟೂ ಮಳೆ ಇಂಗದೆ ಹರಿದು ಹೋಗುವುದು ಜಾಸ್ತಿ. ಉಳುಮೆ ಮಾಡಿದ ಎರೆ ಹೊಲಕ್ಕೆ 85 ಅಂತ ಇಟ್ಟುಕೊಳ್ಳಿ. ಆಗ ಮೊದಲ 9 ಮಿಲಿಮೀಟರ್ ಮಳೆಯನ್ನು ನೆಲವೇ ಹೀರಿಕೊಳ್ಳುತ್ತದೆ. ಐದು ಮಿಲಿಮೀಟರಿನ ಹನ್ನೆರಡು ಮಳೆ ಬಂದರೂ ಹರಿಯುವುದು ಸೊನ್ನೆ. ಅದೇ 60 ಮಿಲಿಮೀಟರ್ ಒಂದೇ ಸಂಜೆ ಬಿದ್ದರೆ ಸುಮಾರು 27 ಮಿಲಿಮೀಟರ್ ಹರಿದು ಹೋಗುತ್ತದೆ. ಒಂದು ಎಕರೆಗೆ ಲೆಕ್ಕ ಹಾಕಿದರೆ 1.1 ಲಕ್ಷ ಲೀಟರ್. ಮಳೆ ಎರಡೂ ಕಡೆ 60 ಮಿಲಿಮೀಟರೇ. ಒಂದರಲ್ಲಿ ಹೊಂಡ ಒಣ, ಇನ್ನೊಂದರಲ್ಲಿ ಒಡ್ಡೇ ಒಡೆಯುವ ಅಪಾಯ.

ಹಾಗಾಗಿ ಸರಾಸರಿ ಬೇಡ, ದಿನದಿನದ ನಿಜವಾದ ಮಳೆ ಲೆಕ್ಕ ಹಾಕಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಪ್ರವಾಹದ ಮಳೆಯೂ ಅದರಲ್ಲಿ ಇರಲಿ, 2023ರ ಬರವೂ ಇರಲಿ. ನೀರು ಆರುವುದನ್ನೂ ಮರೆಯಬೇಡಿ. 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡದಲ್ಲಿ ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಆವಿಯಾದರೂ ದಿನಕ್ಕೆ 3,500 ಲೀಟರ್ ಹೋಯಿತು. ತಿಂಗಳಿಗೆ ಒಂದು ಲಕ್ಷ ದಾಟಿತು. ಒಂದು ಎಕರೆಯ ದೊಡ್ಡ ಮಳೆ ಕೊಟ್ಟದ್ದನ್ನು ಏಪ್ರಿಲ್ ತಿಂಗಳ ಬಿಸಿಲೊಂದೇ ಕುಡಿದು ಮುಗಿಸುತ್ತದೆ. ಈ ಸಾಲು ಸೇರಿಸಿದ ಮೇಲೆ ಅಲ್ಗಾರಿದಮ್ ಹೊಂಡದ ಮೇಲ್ಮೈ ಕಿರಿದು ಮಾಡಿ ಆಳ ಹೆಚ್ಚಿಸಿತು. ಪಶ್ಚಿಮದ ದಂಡೆಗೆ ಹೊಂಗೆ ಸಾಲನ್ನೂ ತಂದಿಟ್ಟಿತು. ಮಧ್ಯಾಹ್ನದ ನೆರಳಿಗೆ ನಾನು ಅಂಕ ಕೊಟ್ಟಿದ್ದೆ. ಆದರೂ ನೋಡಿ ಖುಷಿಯಾಯಿತು, ಸುಳ್ಳು ಹೇಳೋದಿಲ್ಲ.

ಲಕ್ಷಣ: ಹೊಂಡ ದಿಬ್ಬದ ಮೇಲೆ ಕೂತಿದೆ

ಮಳೆ ಸರಿಯಾದ ಮೇಲೆ ಹೊಂಡಕ್ಕೆ ಅಂಕ ಬಂತು. ಆದರೆ ಅಲ್ಗಾರಿದಮ್ ಅದನ್ನು ಇಟ್ಟಿದ್ದು ಮೇಲಿನ ಮಸಾರಿಯಲ್ಲಿ. ಯಜಮಾನರು ನಕ್ಷೆ ನೋಡಿ ನಕ್ಕರು. ಏನ್ರೀ, ನೀರು ಮೇಲಕ್ಕೆ ಹರೀತದಾ?

ಅಂಕದ ಲೆಕ್ಕ ಸರಿ ಇತ್ತು, ಹುಡುಕಾಟವೂ ಸರಿ ಇತ್ತು. ಸುಳ್ಳು ಹೇಳಿದ್ದು ಎತ್ತರದ ಮಾಹಿತಿ. ನಾನು ತೆಗೆದುಕೊಂಡಿದ್ದು 2000ನೇ ಇಸವಿಯ ಫೆಬ್ರವರಿಯಲ್ಲಿ ಸ್ಪೇಸ್ ಶಟಲ್‌ನಿಂದ ಅಳೆದ ಎಸ್‌ಆರ್‌ಟಿಎಂ ಮಾಹಿತಿ. ಪುಕ್ಕಟೆ ಸಿಗುತ್ತದೆ, 30 ಮೀಟರಿಗೊಂದು ಬಿಂದು. ಬೆಟ್ಟ, ಕಣಿವೆಗೆ ಅದು ಸಾಕು. ಆದರೆ ಅದರ ಎತ್ತರದಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆ ಇರುತ್ತದೆ. ನಮ್ಮ ಹೊಲದ ಇಳಿಜಾರು ನೂರಕ್ಕೆ ಒಂದು. 200 ಮೀಟರ್ ನಡೆದರೆ ಇಳಿಯುವುದು ಎರಡೇ ಮೀಟರ್. ಅಳತೆಯ ತಪ್ಪೇ ಇಳಿಜಾರಿಗಿಂತ ದೊಡ್ಡದಾದರೆ ತಗ್ಗು ಎಲ್ಲಿ, ದಿಬ್ಬ ಎಲ್ಲಿ?

ಪರಿಹಾರಕ್ಕೆ ದೊಡ್ಡ ಯಂತ್ರ ಬೇಡ. ಗಾರೆ ಕೆಲಸದವರ ನೀರಿನ ಟ್ಯೂಬ್ ಸಾಕು. 25 ಮೀಟರ್ ಪಾರದರ್ಶಕ ಪೈಪ್, ಎರಡು ಕೋಲು, ಒಂದು ಟೇಪು. 20 ಮೀಟರಿಗೊಂದು ಗೂಟ ಹೊಡೆದರೆ ಎಂಟು ಎಕರೆಗೆ ಎಂಬತ್ತರಷ್ಟು ಗೂಟ. ಇಬ್ಬರು ಎರಡು ದಿನದಲ್ಲಿ ಮುಗಿಸಬಹುದು. ನಮಗೆ ಮೂರು ದಿನ ಬೇಕಾಯಿತು, ಯಾಕೆಂದರೆ ಮೊದಲ ದಿನದ ಅಳತೆ ಪೂರ್ತಿ ಹಾಳು. ಪೈಪಿನ ನಡುವೆ ಹೆಬ್ಬೆರಳಿನಷ್ಟು ಗಾಳಿಗುಳ್ಳೆ ಉಳಿದಿತ್ತು, ಎರಡು ತುದಿಯ ನೀರೂ ಮಟ್ಟಕ್ಕೆ ಬಂದಿರಲಿಲ್ಲ. ಅಳೆಯುವ ಮುಂಚೆ ಎರಡೂ ತುದಿ ಒಂದೇ ಕಡೆ ಹಿಡಿದು ನೀರು ಸರಿಸಮ ಇದೆಯಾ ಅಂತ ನೋಡಿಕೊಳ್ಳಿ. ಹೊಸ ಎತ್ತರಗಳನ್ನು ತುಂಬಿದ ಮೇಲೆ ಹೊಂಡ ತಗ್ಗಿನ ಎರೆಗೆ ಇಳಿಯಿತು. ಅಜ್ಜ ತೋರಿಸಿದ ಮೂಲೆಗಲ್ಲ, ಅಲ್ಲಿಂದ ಮೂರು ಚೌಕ ಆಚೆಗೆ.

ಲಕ್ಷಣ: ಹದಿನೈದನೇ ತಲೆಮಾರಿಗೇ ಎಲ್ಲಾ ನಕ್ಷೆಗಳೂ ಒಂದೇ

ಇದು ಹುಡುಕಾಟದ ದೋಷ. ಅಂಕದ ಗೆರೆ ಬೇಗ ಏರಿ ಚಪ್ಪಟೆಯಾಗುತ್ತದೆ. ನಿಜವಾಗಿ ಮುಗಿಯಿತಾ, ಇಲ್ಲ ಸಿಕ್ಕಿಕೊಂಡಿತಾ ಅಂತ ತಿಳಿಯಲು ಹಿಂಡಿನಲ್ಲಿ ಎಷ್ಟು ಬೇರೆ ಬೇರೆ ನಕ್ಷೆ ಉಳಿದಿವೆ ಅಂತ ಎಣಿಸಿ. 200ರಲ್ಲಿ ಏಳೆಂಟು ಅಂದರೆ ಒಂದೇ ಮನೆತನದವರೇ ಮದುವೆಯಾಗುತ್ತಿದ್ದಾರೆ. ಆರಿಸುವಾಗ ಎಂಟರಲ್ಲಿ ಒಂದನ್ನು ಎತ್ತುತ್ತಿದ್ದರೆ ಎರಡರಲ್ಲಿ ಒಂದು ಮಾಡಿ. ಉತ್ತಮ ನಕ್ಷೆಗಳಲ್ಲಿ ಒಂದೆರಡನ್ನು ಮಾತ್ರ ಹಾಗೇ ಮುಂದಕ್ಕೆ ಬಿಡಿ, ಇಪ್ಪತ್ತನ್ನಲ್ಲ. ಅಜ್ಜನ ನಕ್ಷೆಯನ್ನು ಮೊದಲ ಹಿಂಡಿಗೇ ಸೇರಿಸಿ ಓಡಿಸುವವರಿದ್ದಾರೆ. ಸೇರಿಸಿ, ಆದರೆ ಒಂದೇ ಒಂದು. ಹತ್ತು ಸೇರಿಸಿದರೆ ಐದನೇ ತಲೆಮಾರಿಗೆ ಎಲ್ಲರೂ ಅಜ್ಜಂದಿರೇ.

ಮ್ಯುಟೇಶನ್ ಬಗ್ಗೆ ಒಂದು ಅಂದಾಜು: ಬೆರೆಸಿ ಹುಟ್ಟಿದ ಒಂದು ಮರಿ ನಕ್ಷೆಗೆ ಒಂದೆರಡು ಬದಲಾವಣೆ. 323 ಚೌಕ ಇದ್ದರೆ ಒಂದು ಚೌಕ ಬದಲಾಗುವ ಸಾಧ್ಯತೆ 0.003ರಿಂದ 0.006. ನಾನು ಎಲ್ಲೋ ನೋಡಿದ 0.2 ಹಾಕಿದ್ದೆ. ಅಂದರೆ ಪ್ರತಿ ಮರಿಯಲ್ಲೂ 65 ಚೌಕ ಅದಲುಬದಲು. ಅಪ್ಪನ ಗುರುತೂ ಇಲ್ಲ, ಅವ್ವನ ಗುರುತೂ ಇಲ್ಲ.

ಕ್ರಾಸ್‌ಓವರ್‌ನಲ್ಲಿ ಬೇರೆ ತೊಂದರೆ. ನಕ್ಷೆಯನ್ನು ಉದ್ದಕ್ಕೆ ಒಂದು ಸರ ಮಾಡಿ ಎಲ್ಲೋ ಕತ್ತರಿಸಿದರೆ ಒಡ್ಡುಗಳು ಅರ್ಧಕ್ಕೆ ತುಂಡಾಗುತ್ತವೆ. ಅರ್ಧ ಒಡ್ಡು ಒಡ್ಡೇ ಇಲ್ಲದ್ದಕ್ಕಿಂತ ಕೆಟ್ಟದ್ದು, ನೀರೆಲ್ಲಾ ಆ ತುದಿಗೆ ನುಗ್ಗಿ ಕೊರಕಲು ಬೀಳುತ್ತದೆ. ಆಯತದ ತುಂಡುಗಳನ್ನು ಅದಲುಬದಲು ಮಾಡಿ. ಒಡ್ಡನ್ನು ಚೌಕಗಳಲ್ಲಿ ಬರೆಯಲೇಬೇಡಿ, ಯಾವ ಸಮಪಾತಳಿ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ), ಎಲ್ಲಿಂದ ಎಲ್ಲಿಗೆ ಅನ್ನುವ ಮೂರು ಅಂಕಿಗಳಲ್ಲಿ ಬರೆಯಿರಿ. ಆಗ ಒಡ್ಡು ಮುರಿಯೋದಕ್ಕೆ ಅವಕಾಶವೇ ಇಲ್ಲ. ನನ್ನ ಕುರುಡು ಪರೀಕ್ಷೆ ಪಾಸಾದದ್ದು ಈ ಬದಲಾವಣೆ ಮಾಡಿದ ಮೇಲೆಯೇ.

ಲಕ್ಷಣ: ನಿನ್ನೆ ಗೆದ್ದದ್ದು ಇವತ್ತು ಸೋಲುತ್ತದೆ

ಪ್ರತಿ ನಕ್ಷೆಗೂ ಬೇರೆ ಬೇರೆ ಮಳೆ ವರ್ಷ ಎತ್ತಿಕೊಡುತ್ತಿದ್ದೀರಾ ನೋಡಿ. ಒಳ್ಳೆ ಮಳೆ ಸಿಕ್ಕವನು ಗೆಲ್ಲುತ್ತಾನೆ, ಅಷ್ಟೇ. ಎಲ್ಲಾ ನಕ್ಷೆಗಳಿಗೂ ಅದೇ ವರ್ಷಗಳು, ಅದೇ ಕ್ರಮದಲ್ಲಿ ಕೊಡಿ. ಕಂಪ್ಯೂಟರಿನ ಅಡ್ಡಾದಿಡ್ಡಿ ಆಯ್ಕೆ ಶುರುವಾಗುವ ಸೀಡ್ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ, ಹಾಗಾಗಿ ಪ್ರತಿ ಹತ್ತು ತಲೆಮಾರಿಗೆ ಹಿಂಡನ್ನು ಫೈಲಿಗೆ ಉಳಿಸಿ.

ಲಕ್ಷಣ: ಒಂದು ಗುರಿ ಮಾತ್ರ ಗೆಲ್ಲುತ್ತದೆ

ರೂಪಾಯಿ, ಲೀಟರ್, ಇಂಗಾಲ ಮೂರನ್ನೂ ಕೂಡಿದ್ದೀರಾ? ಲೀಟರ್ ಲಕ್ಷದಲ್ಲಿ, ಇಂಗಾಲ ದಶಾಂಶದಲ್ಲಿ ಇರುತ್ತದೆ. ದೊಡ್ಡ ಅಂಕಿಯೇ ಆಳುತ್ತದೆ. ಮೂರನ್ನೂ ಸೊನ್ನೆಯಿಂದ ಒಂದರೊಳಗೆ ತನ್ನಿ. ಕೂಡುವುದನ್ನೇ ಬಿಟ್ಟರೆ ಇನ್ನೂ ಒಳ್ಳೆಯದು. ಆಗ ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣ್‌ಮೊಯ್ ದೇಬ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ-2 ಅನ್ನುವ ಜೆನೆಟಿಕ್ ಅಲ್ಗಾರಿದಮ್ ಇದಕ್ಕೆಂದೇ ಇದೆ. ಒಂದೇ ಉತ್ತರದ ಬದಲು, ಒಂದನ್ನು ಬಿಟ್ಟುಕೊಡದೆ ಇನ್ನೊಂದು ಹೆಚ್ಚಾಗದು ಅನ್ನುವಂಥ ನಕ್ಷೆಗಳ ಸಾಲನ್ನೇ ಅದು ಕೊಡುತ್ತದೆ. ಪೈಥಾನ್‌ನಲ್ಲಿ ಪೈಮೂ ಅನ್ನುವ ಲೈಬ್ರರಿಯಲ್ಲಿ ಸಿದ್ಧವಾಗಿದೆ. ಗುರಿ ಮೂರು ದಾಟಿದರೆ ಇದು ತಡವರಿಸುತ್ತದೆ. ಆಗ 2014ರ ಎನ್‌ಎಸ್‌ಜಿಎ-3 ನೋಡಿ, ಇಲ್ಲವೇ ಗುರಿ ಕಡಿಮೆ ಮಾಡಿ.

ಲಕ್ಷಣ: ನಕ್ಷೆ ಚೆಂದ, ಕುಂಟೆ ತಿರುಗೋದಿಲ್ಲ

ಜಾಲಿಯ ಕಾಟ ತಪ್ಪಲಿ ಅಂತ ನಾನು ವೈವಿಧ್ಯಕ್ಕೂ ಸ್ವಲ್ಪ ಅಂಕ ಇಟ್ಟಿದ್ದೆ. ಎಲ್ಲಾ ಜಾತಿಗೂ ಸಮಪಾಲು ಇದ್ದರೆ ಆ ಲೆಕ್ಕದಲ್ಲಿ ಪೂರ್ತಿ ಅಂಕ. ಅಲ್ಗಾರಿದಮ್ ಜೋಳದ ನಡುವೆ ಒಂದು ಚೌಕ ಸೀತಾಫಲ, ಅದರ ಪಕ್ಕ ಒಂದು ಚೌಕ ಕಡಲೆ, ಆಚೆ ಒಂದು ನೇರಳೆ ಅಂತ ಕೌದಿ ಹೊಲಿದುಬಿಟ್ಟಿತು. ನೋಡಲು ಬಹಳ ಚೆಂದ. ಬಾಗಿಲಿಗೆ ಹಾಕಬಹುದು, ಹೊಲಕ್ಕಲ್ಲ. ಹತ್ತು ಮೀಟರಿಗೊಮ್ಮೆ ಎತ್ತು ತಿರುಗಿಸಿ ಯಾರು ಹರಗುತ್ತಾರೆ?

ಯಜಮಾನರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಮೂರು ನಿಯಮ ಸೇರಿಸಿದೆ. ಬೆಳೆಯ ಪಟ್ಟಿ ಕನಿಷ್ಠ ಎಂಟು ಚೌಕ ಉದ್ದ, ಅದೂ ಇಳಿಜಾರಿಗೆ ಅಡ್ಡ ಇರಬೇಕು. ಮರ ಒಡ್ಡಿನ ಮೇಲೆ ಅಥವಾ ಗಡಿಯಲ್ಲಿ ಮಾತ್ರ. ಬಂಡಿ ದಾರಿಗೆ ಯಾರೂ ಬರಬಾರದು. ನಿಯಮ ಮುರಿದ ನಕ್ಷೆಯನ್ನು ಪೂರ್ತಿ ಎಸೆಯಲಿಲ್ಲ, ಎಷ್ಟು ಮುರಿದಿದೆಯೋ ಅಷ್ಟು ದಂಡ ಹಾಕಿದೆ. ಮೊದಲ ತಲೆಮಾರುಗಳಲ್ಲಿ ನಿಯಮ ಪಾಲಿಸುವ ನಕ್ಷೆ ಒಂದೂ ಇರುವುದಿಲ್ಲ. ಎಲ್ಲವನ್ನೂ ಎಸೆದರೆ ಹಿಂಡೇ ಖಾಲಿಯಾಗುತ್ತದೆ.

ಅಂಕ ನಾಲ್ಕೈದು ಇಳಿಯಿತು. ಯಜಮಾನರು ನಕ್ಷೆಯನ್ನು ತಲೆಕೆಳಗು ಮಾಡಿ ಹಿಡಿದು, ತೆಂಕಣ ಬದುವಿನ ಮೇಲೆ ಬೆರಳಾಡಿಸಿದರು. ಅಲ್ಲೊಂದು ಬನ್ನಿ ಮರ ಈಗಾಗಲೇ ಇದೆ, ಅದನ್ನು ಕೀಳೋದಿಲ್ಲ ಅಂದರು. ನನ್ನ ಪಟ್ಟಿಯಲ್ಲಿ ಬನ್ನಿಯೇ ಇರಲಿಲ್ಲ. ಸೇರಿಸಿ ಮತ್ತೆ ರಾತ್ರಿ ಹತ್ತಕ್ಕೆ ಓಡಿಸಿಟ್ಟೆ.